ಬ್ಯಾಟರಿ ಮೋಟಾರಿನ ಸಾವು

"ಅಕ್ಕಾ! ಲಗೂ ಬರ್ರಿ! ನಮ್ಮ ಗಾಡಿ ಸತ್ತದರಿ!"

ಮಿಸ್ತ್ರಿ ಇಸ್ಮಾಯಿಲನ ಕೂಗು ಕೇಳಿ ಗುರುಶಾಂತಮ್ಮ ಪೂಜೆಯನ್ನು ಅರ್ಧಕ್ಕೇ ಬಿಟ್ಟೆದ್ದಳು. ಅಂಗಳ ದಾಟಿ ತಗಡಿನ ಶೆಡ್ಡಿಗೆ ಕಾಲಿಟ್ಟದ್ದೇ ತಡ, ಕೆಮ್ಮು ಒತ್ತರಿಸಿ ಬಂತು. ಮೂಗನ್ನು ಸುಡುವ ಕಟು ವಾಸನೆ— ಕಾಲರಾ ಬೇನೆ ಬಂದಾಗ ಬಾವಿಗೆ ಸುರಿಯುವ ಬಿಳಿ ಪುಡಿಯ ವಾಸನೆ!

ಶೆಡ್ಡಿನ ನಡುವೆ ಗಾಡಿ ನಿಂತಿತ್ತು. ಹಸಿರು ಬಣ್ಣ, ಹಿತ್ತಾಳೆಯ ದೀಪ, ಮೂತಿಗೆ ಚೆಂಡುಹೂವಿನ ಮಾಲೆ. ಇಸ್ಮಾಯಿಲ ಗುಂಡಿ ಒತ್ತಿದ. ಏನೂ ಇಲ್ಲ. ಮತ್ತೆ ಒತ್ತಿದ. ದೀಪದೊಳಗಿನ ತಂತಿ ಒಂದು ಗಳಿಗೆ ಕೆಂಪಗಾಗಿ ಆರಿಹೋಯಿತು.

"ನಿನ್ನೆ ಸಂಜಿ ಹುಲಿ ಗುರ್ ಅಂದಂಗ ಅಂದಿತ್ರಿ," ಎಂದ ಇಸ್ಮಾಯಿಲ. ಸೀಟು ಎತ್ತಿ, ಬ್ಯಾಟರಿಯ ಡಬ್ಬಿಯೊಂದರಲ್ಲಿ ಕಡ್ಡಿ ಆಡಿಸಿ ತೆಗೆದ. ಕಡ್ಡಿಯ ತುದಿಗೆ ಕಂದು ಕೆಸರು ಹತ್ತಿತ್ತು. "ಸೀಸದ ಹಲಗಿ ಎಲ್ಲಾ ಉದುರ್ಯಾವ. ಇವು ಇನ್ನ ಏಳಂಗಿಲ್ಲ."

ಗುರುಶಾಂತಮ್ಮ ಅಳಲಿಲ್ಲ. ಹಲ್ಲು ಕಡಿದು ಒಂದೇ ಹೆಸರು ಹೇಳಿದಳು— "ಬಸವಂತರಾಯ!"

ಸತ್ತದ್ದು ಬರೀ ಗಾಡಿಯಾಗಿದ್ದರೆ ಮಾತು ಬೇರೆ ಇತ್ತು. ಅದು ೧೯೪೪ನೆಯ ಇಸವಿ. ಪೆಟ್ರೋಲೆಲ್ಲ ಯುದ್ಧದ ಹೊಟ್ಟೆಗೆ ಹೋಗಿ, ಬಸ್ಸುಗಳು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಗೊರಗೊರ ಎನ್ನುತ್ತ ಓಡುತ್ತಿದ್ದ ಕಾಲ. ಪೆಟ್ರೋಲೂ ಬೇಡ, ಇದ್ದಿಲೂ ಬೇಡ, ಬ್ಯಾಟರಿಯ ಮೇಲೆ ಓಡುವ ಮೋಟಾರು ಕಟ್ಟುತ್ತೇನೆಂದು ಹೊರಟವಳು ಆಳಂದದ ಈ ವಿಧವೆ. ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಆದರೆ ಜಿಲ್ಲೆಯ ದೊಡ್ಡ ಅಧಿಕಾರಿ ತಾಲೂಕದಾರ ಸಾಹೇಬರು ನಗಲಿಲ್ಲ. ಗಾಡಿ ಜಿಡಗಾ ಮಠದವರೆಗೆ ಹೋಗಿ ಎಲ್ಲೂ ನಿಲ್ಲದೆ ಹಿಂದಿರುಗಲಿ, ಇನ್ನಷ್ಟು ಗಾಡಿ ಕಟ್ಟಲು ಸೀಸ, ತಾಮ್ರ, ಟೈರು ಕೊಡಿಸುತ್ತೇನೆ, ಆಳಂದ–ಅಫಜಲಪುರ ದಾರಿಯ ಪರವಾನಗಿಯನ್ನೂ ಕೊಡುತ್ತೇನೆ ಎಂದಿದ್ದರು. ಆ ಪರೀಕ್ಷೆ ಇವತ್ತೇ ಮಧ್ಯಾಹ್ನ. ಗಾಡಿ ಓಡದಿದ್ದರೆ ಆ ದಾರಿ ಅಫಜಲಪುರದ ಬಸವಂತರಾಯನಿಗೇ ಕಾಯಂ.

ಆ ಬಸವಂತರಾಯನ ಹೆಸರು ಕೇಳಿದರೆ ಗುರುಶಾಂತಮ್ಮನ ಮೈ ಉರಿಯುತ್ತಿತ್ತು. ಒಂದು ಕಾಲಕ್ಕೆ ಆಳಂದದಿಂದ ಅಫಜಲಪುರಕ್ಕೂ ಜೇವರ್ಗಿಗೂ ಓಡುತ್ತಿದ್ದ ಬಸ್ಸುಗಳು ಅವಳ ಗಂಡ ನಾಗಣ್ಣನವು. ಯುದ್ಧ ಬಂತು, ಪೆಟ್ರೋಲಿಗೆ ಕೂಪನ್ ಬಂತು. ನಾಗಣ್ಣ ಪೆಟ್ರೋಲನ್ನು ಕಾಳಸಂತೆಯಲ್ಲಿ ಮಾರುತ್ತಾನೆಂದು ಬಸವಂತರಾಯ ಸುಳ್ಳು ಸಾಕ್ಷಿ ಹೇಳಿದ. ನಾಗಣ್ಣ ಜೇಲು ಕಂಡ, ಹೊರಗೆ ಬಂದ ಮೇಲೆ ಮಂದಿಗೆ ಮುಖ ತೋರಿಸದೆ ಸತ್ತ. ಹೆಣದ ಮುಂದೆ ಕೂತಾಗಲೇ ಹೆಂಡತಿ ಪಣ ತೊಟ್ಟಳು: ಪೆಟ್ರೋಲಿಲ್ಲದ ಗಾಡಿಯನ್ನು ಆ ಬಸವಂತರಾಯನ ಕಟ್ಟೆಯ ಮುಂದೆಯೇ ಓಡಿಸಬೇಕು, ಅವನ ಇದ್ದಿಲ ಬಸ್ಸಿನಲ್ಲಿ ಕೋಳಿ ಗೂಡು ಕಟ್ಟಬೇಕು!

ಪಣ ತೊಡುವುದು ಸುಲಭ, ಬ್ಯಾಟರಿ ಕಟ್ಟುವುದು ಸುಲಭವೇ? ಸೀಸ ಎಲ್ಲಿ ಸಿಗಬೇಕು? ಗುಂಡು ಎರೆಯಲು ಸರ್ಕಾರವೇ ಅದನ್ನು ಬಾಚಿಕೊಂಡಿತ್ತು. ಭೀಮಾ ನದಿಯ ಬೆಸ್ತರ ಬಲೆಯ ಗುಂಡುಗಳನ್ನು ಕೊಂಡು ಕರಗಿಸಿದರು, ಛಾಪಖಾನೆಯ ಮುರಿದ ಅಚ್ಚಿನ ಮೊಳೆಗಳನ್ನು ಕರಗಿಸಿದರು. ತೇಗದ ಹಲಗೆಗೆ ಡಾಂಬರು ಬಳಿದು ಡಬ್ಬಿ ಮಾಡಿದರು. ಅಕ್ಕಸಾಲಿಗರು ಬಳಸುವ ತೇಜಾಬು, ಅಂದರೆ ಆಸಿಡ್ಡು, ಸೊಲ್ಲಾಪುರದಿಂದ ಬಂತು. ಮೊದಲ ಸಲದ ಸೀಸದ ಹಲಗೆಗಳು ಹಪ್ಪಳದಂತೆ ಮುರಿದವು, ಎರಡನೆಯ ಸಲದವು ಸೊಟ್ಟಗಾದವು. ಇದು ಮೂರನೆಯ ಸಲ. ಇನ್ನು ಕರಗಿಸಲು ಮನೆಯಲ್ಲಿ ಸೀಸದ ಚೂರೂ ಉಳಿದಿರಲಿಲ್ಲ.

ನೀರಿನದೂ ಒಂದು ಫಜೀತಿ. ಆಳಂದದ ಬಾವಿ ನೀರಿನಲ್ಲಿ ಸುಣ್ಣ ಬಹಳ, ಅದು ಬ್ಯಾಟರಿಗೆ ಆಗದು. ಮಳೆ ಬಂದಾಗ ಅಂಗಳದಲ್ಲಿ ನಾಲ್ಕು ಗೂಟಕ್ಕೆ ಒಗೆದ ಧೋತರ ಕಟ್ಟಿ, ನಡುವೆ ಇಳಿದ ನೀರನ್ನು ಹೊಸ ಮಡಕೆಯಲ್ಲಿ ಹಿಡಿದಿಡಬೇಕು. ಆ ಕೆಲಸಕ್ಕೆಂದೇ ಹೋದ ವರ್ಷ ಗೊಬ್ಬೂರ ಕಡೆಯವಳೆಂದು ಹೇಳಿಕೊಂಡು ಬಂದ ಸಾಬಮ್ಮನನ್ನು ಇಟ್ಟುಕೊಂಡಿದ್ದರು. ಅಡುಗೆಯೂ ಅವಳದೇ. ಒಲೆಯ ಮುಂದಿನಿಂದ ಎದ್ದು ಬಂದವಳು ಕೈ ತಿಕ್ಕಿ ತಿಕ್ಕಿ ತೊಳೆಯದೆ ಆ ನೀರನ್ನು ಮುಟ್ಟಬಾರದು ಎಂಬುದು ಇಸ್ಮಾಯಿಲನ ಕಟ್ಟಪ್ಪಣೆ. ಮಾತು ಕಡಿಮೆಯ ಹೆಂಗಸು, ಕೆಲಸದಲ್ಲಿ ಒಂದು ಹುಳುಕು ಹೇಳುವ ಹಾಗಿಲ್ಲ.

ಪೊಲೀಸ್ ಚೌಕಿಗೆ ಆಳು ಓಡಿದ. ಎಲ್ಲರೂ ತಾಲೂಕದಾರರ ಬಂದೋಬಸ್ತಿಗೆ ಹೋಗಿದ್ದಾರೆ ಎಂಬ ಉತ್ತರ ಬಂತು. ಆಗ ಗುರುಶಾಂತಮ್ಮ ತಾನೇ ಸೆರಗು ಬಿಗಿದು ಹೋಗಿ, ಹಿಂದಿನ ಓಣಿಯ ಗೌಸಮೊಹಿದ್ದೀನರನ್ನು ಕರೆತಂದಳು. ಮೂವತ್ತು ವರ್ಷ ಪೊಲೀಸ್ ಅಮೀನರಾಗಿ ಕಳ್ಳರನ್ನು ಹಿಡಿದು, ಈಗ ಪಿಂಚಣಿಯ ಮೇಲಿದ್ದ ಮುದುಕರು. ಎಲೆ ಅಡಿಕೆಯ ಡಬ್ಬಿ ಬಿಟ್ಟು ಒಂದು ಹೆಜ್ಜೆ ಇಡುತ್ತಿರಲಿಲ್ಲ.

ಅಮೀನರು ಶೆಡ್ಡಿನಲ್ಲಿ ಮೂಗೆಳೆದು ನೋಡಿದರು. ಬೀಗ ನೋಡಿದರು. ಒಡೆದಿರಲಿಲ್ಲ, ಗೀರೂ ಇರಲಿಲ್ಲ. ಆಮೇಲೆ ಕಟ್ಟೆಯ ಮೇಲೆ ಕೂತು ಕೇಳಿದರು:

"ಯಾರ ಮ್ಯಾಲ ಗುಮಾನಿ, ಬೇಟಿ?"

"ಕೇಳೋದೇನದರಿ? ಬಸವಂತರಾಯ! ನಿನ್ನೆನ ಊರಿಗೆ ಬಂದು ಛತ್ರದಾಗ ಇಳದಾನ. ನನ್ನ ಮಾನ ಹೋಗೋದು ನೋಡಾಕ."

"ಶೆಡ್ಡಿಗೆ ಬಂದಿದ್ದನ?"

"ಅಂವ ಯಾಕ ಬರ್ತಾನ? ಅವನ ಮಂದಿ ಬರ್ತದ."

"ಸರಿ. ನಿನ್ನೆ ಮಧ್ಯಾಹ್ನದಿಂದ ಏನೇನಾತು, ಎಲ್ಲಾ ಹೇಳು. ಕಣ್ಣಿಲೆ ಕಂಡದ್ದಷ್ಟ ಅಲ್ಲ. ಏನು ಕೇಳಿದಿ, ಏನು ಮೂಸಿದಿ, ಅದೂ ಹೇಳು."

ಗುರುಶಾಂತಮ್ಮ ಹೇಳುತ್ತ ಹೋದಳು. ಮಧ್ಯಾಹ್ನ ಮುನ್ಸಿಪಾಲಿಟಿಯ ಖಾಜಾ ಅಂಗಳದ ಬಾವಿಗೆ ಬಿಳಿ ಪುಡಿ ಹಾಕಲು ಬಂದಿದ್ದ. ಶೆಡ್ಡಿನ ನೆರಳಲ್ಲಿ ಸುಮ್ಮನೆ ಬಹಳ ಹೊತ್ತು ನಿಂತಿದ್ದ. ಸಂಜೆ ಇಸ್ಮಾಯಿಲ ಸೀಟು ಎತ್ತಿಟ್ಟು, ಡಬ್ಬಿಗಳ ಮುಚ್ಚಳವೆಲ್ಲ ತೆಗೆದು ಮಳೆ ನೀರು ತುಂಬಿದ. ಬ್ಯಾಟರಿಗೆ ಕರೆಂಟು ತುಂಬುವಾಗ ಒಳಗಿನ ಗಾಳಿ ಹೊರಗೆ ಹೋಗಬೇಕು, ಅದಕ್ಕೆ ಮುಚ್ಚಳ ಬಿಚ್ಚಿಯೇ ಇಡುವುದು ರೂಢಿ. ಆಮೇಲೆ ಅವನು ನಮಾಜಿಗೆ ಹೋದ.

"ಅಂವ ಬರೂದ್ರಾಗ ನಾವು ಗಾಡಿಗೆ ದಿಷ್ಟಿ ತೆಗೆಸಿದ್ವಿ," ಎಂದಳು ಗುರುಶಾಂತಮ್ಮ. "ಅಮಾಸಿ ಇತ್ತಲ್ಲರಿ. ಓಣಿ ಹೆಣಮಕ್ಕಳೆಲ್ಲಾ ಬಂದಿದ್ರು. ಸಾಬಮ್ಮ ಒಂದ್ ಮೊರ ಉಪ್ಪು, ಒಂದ್ ಮುಟಗಿ ಒಣಮೆಣಸಿನಕಾಯಿ ತಂದಳು. ಇಷ್ಟ್ಯಾಕ ಉಪ್ಪು ಅಂದ್ರ, ಎತ್ತಿಗೆ ಮುಟಗಿ ಸಾಕು, ಮೋಟಾರಿಗೆ ಮೊರನ ಬೇಕು ಅಂದಳು. ಎಲ್ಲಾರೂ ನಕ್ಕಿವಿ. ಗಾಡಿ ಸುತ್ತಾ ಇಳಿ ತೆಗೆದು, ಹೊರಗ ಅಂಗಳದ ಒಲಿಗೆ ಒಗೆದಳು. ಅದೇನು ಘಾಟು ಅಂತೀರಿ! ನನಗ ಸಮಾಧಾನ ಆತು."

"ಯಾಕ?"

"ಘಾಟು ಬಂದ್ರ ಕೆಟ್ಟ ಕಣ್ಣು ಬಿದ್ದಿಲ್ಲ ಅಂತ. ಬಿದ್ದಿದ್ರ ಘಾಟನ ಏಳಂಗಿಲ್ಲ."

"ಆವಾಗ ಏನೇನು ಕೇಳಿದಿ?"

"ಏನು ಕೇಳೋದರಿ? ಕೆಮ್ಮು, ಸೀನು, ನಗಿ. ಆಮ್ಯಾಲ ಇಸ್ಮಾಯಿಲ ಬಂದು ಇಂಜಿನ್ ಚಾಲೂ ಮಾಡಿದ. ಅದರ ಟಕಟಕ. ಅಷ್ಟ."

ಕಚ್ಚಾ ಎಣ್ಣೆಯ ಮೇಲೆ ಓಡುವ ಆ ಇಂಜಿನ್ನು ಶೆಡ್ಡಿನ ಹೊರಗಿನ ಚಪ್ಪರದಲ್ಲಿತ್ತು. ಅದು ಟೂರಿಂಗ್ ಸಿನಿಮಾದಿಂದ ಕೊಂಡ ಡೈನಮೋವನ್ನು ತಿರುಗಿಸಿ, ತಂತಿಯ ಮೂಲಕ ಬ್ಯಾಟರಿಗೆ ಕರೆಂಟು ಕಳಿಸುತ್ತಿತ್ತು. ಶೆಡ್ಡಿಗೆ ಬೀಗ ಹಾಕಿದ ಮೇಲೆ ಬೆಳಗಿನವರೆಗೆ ಯಾರೂ ಒಳಗೆ ಹೋಗಿರಲಿಲ್ಲ. ಅಮೀನರು ಎಲೆಗೆ ಸುಣ್ಣ ಸವರುತ್ತ ಇಸ್ಮಾಯಿಲನ ಕಡೆ ತಿರುಗಿದರು.

"ಕೀಲಿ ನಿನ್ನ ಕಡೆನ ಇತ್ತು?"

"ಹೌದ್ರಿ."

"ಬಸವಂತರಾಯ ನಿನಗ ಕೆಲಸ ಕೊಡ್ತೇನಿ ಅಂದಿದ್ನಂತ?"

ಗುರುಶಾಂತಮ್ಮ ತಟ್ಟನೆ ತಲೆಯೆತ್ತಿದಳು. ಈ ಸುದ್ದಿ ಅವಳಿಗೆ ಹೊಸದು. ಇಸ್ಮಾಯಿಲನ ಮುಖ ಬಿಳಿಚಿಕೊಂಡಿತು.

"ಅಂದಿದ್ದ. ನಾ ಹೋಗಲಿಲ್ರಿ. ಈ ಹಲಗಿ ಎರಿಯೋವಾಗ ನನ್ನ ಕೈ ಎಷ್ಟ ಸಲ ಸುಟ್ಟಾವ ನೋಡ್ರಿ. ಕೆಡಸೋದಿದ್ರ ಮೂರು ಸಲ ಯಾಕ ಎರೀಲಿ?"

"ವಾಸನಿ ಯಾವಾಗ ಬಂತು?"

"ಇವತ್ತು ಬಾಗಲಾ ತಗದಾಗ. ನಿನ್ನೆ ನೀರು ತುಂಬುವಾಗ ನನ್ನ ಮೂಗು ಡಬ್ಬಿ ಮ್ಯಾಲನ ಇತ್ತು. ಏನೂ ಇದ್ದಿದ್ದಿಲ್ಲ."

"ನಮಾಜಿನಿಂದ ಹೊಳ್ಳಿ ಬಂದ ಮ್ಯಾಲ?"

"ಆವಾಗೂ ಇದ್ದಿದ್ದಿಲ್ರಿ. ಮೆಣಸಿನಕಾಯಿ ಘಾಟು ಅಷ್ಟ, ಅದೂ ಅಂಗಳದಾಗ."

ಖಾಜಾನನ್ನು ಹಿಡಿದು ತಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ; ಇವನು ಕೇಳುವ ಮೊದಲೇ ಪುಡಿಯ ಚೀಲವನ್ನು ಬೆನ್ನ ಹಿಂದೆ ಅಡಗಿಸಿದ.

"ನಿನ್ನನ್ನ ಮುನ್ಸಿಪಾಲಿಟಿಗೆ ಹಚ್ಚಿದವರು ಯಾರು?"

"ಬ... ಬಸವಂತರಾಯ ಸಾವಕಾರ್ರು."

"ನಿನ್ನೆ ಶೆಡ್ಡಿನ ಹಂತ್ಯಾಕ ಏನ್ ಮಾಡಾಕತ್ತಿದ್ದಿ?"

"ಗಾಡಿ ಖರೇನ ಓಡ್ತದೇನು ನೋಡ್ಕೊಂಡ್ ಬಾ ಅಂದಿದ್ರು. ನೋಡಿದೆ. ಹೋಗಿ ಹೇಳಿದೆ. ಅಲ್ಲಾನ ಆಣಿ, ಅಷ್ಟೇ ಮಾಡೇನಿ!"

ಗುರುಶಾಂತಮ್ಮ ಅವನ ಕೊರಳಪಟ್ಟಿ ಹಿಡಿದು ಜಗ್ಗಿದಳು. "ಸುಳ್ಳ! ನಿನ್ನ ಪುಡಿ ವಾಸನಿ ನನ್ನ ಶೆಡ್ಡಿನ ತುಂಬ ಅದ! ಯಾರು ಹಾಕು ಅಂದ್ರು ಹೇಳು!" ಅಮೀನರು ಎದ್ದು ಬಂದು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ಅಷ್ಟರಲ್ಲಿ ಹೇಳಿ ಕಳಿಸಿದಂತೆ ಬಂದ ಬಸವಂತರಾಯ. ರುಮಾಲು, ಬೆಳ್ಳಿಯ ಹಿಡಿಕೆಯ ಬೆತ್ತ, ನಿಂಬೆಹಣ್ಣು ನಿಲ್ಲುವಂಥ ಮೀಸೆ.

"ಏನವಾ ಗುರುಶಾಂತಮ್ಮ, ಗಾಡಿ ಮಲಗೇದಂತ? ಜ್ವರಾ ಗಿರಾ ಬಂದಾವೇನು?"

"ನೀ ಬರಿಸಿದ ಜ್ವರ," ಎಂದಳು ಅವಳು.

"ನಾ ಯಾಕ ಕೆಡಸಲಿ? ಸೌತಿಕಾಯಿ ಡಬ್ಬ್ಯಾಗ ಹಾಕಿ ತಂತಿ ಕಟ್ಟಿದ್ರ ಮೋಟಾರು ಆಗ್ತದೇನು? ಜಿಡಗಾ ದಾರ್ಯಾಗ ತಾನ ನಿಲ್ತಿತ್ತು, ನಾ ನಿಂತು ನೋಡ್ತಿದ್ದೆ. ಆ ಸುಖಾನ ನಾ ಯಾಕ ಕಳಕೊಳ್ಲಿ?" ಆಮೇಲೆ ಅಮೀನರ ಕಡೆ ತಿರುಗಿ ಕಣ್ಣು ಮಿಟುಕಿಸಿದ. "ಗಂಡ ಪೆಟ್ರೋಲು ಕದ್ದ. ಹೆಂಡತಿ ಪೆಟ್ರೋಲೇ ಬ್ಯಾಡ ಅಂತಾಳ. ಮನಿತನ ಸುಧಾರಿಸಾಕತ್ತದ ಬಿಡ್ರಿ."

ಗುರುಶಾಂತಮ್ಮನ ಕೈ ನಟ್ಟು ಬಿಗಿಯುವ ಕಬ್ಬಿಣದ ಪಾನದ ಮೇಲೆ ಹೋಯಿತು. ಇಸ್ಮಾಯಿಲ ಅಡ್ಡ ಬಂದದ್ದರಿಂದ ಬಸವಂತರಾಯನ ತಲೆ ಉಳಿಯಿತು. ಅವನು ನಗುತ್ತ ಹೋಗಿ ಅಂಗಳದ ಬೇವಿನ ನೆರಳಲ್ಲಿ ಕೂತ. ತಮಾಷೆ ಮುಗಿಯದೆ ಏಳುವ ಮನಸ್ಸು ಅವನಿಗಿರಲಿಲ್ಲ.

ಗುರುಶಾಂತಮ್ಮ ಅಮೀನರನ್ನು ಶೆಡ್ಡಿನ ಮೂಲೆಗೆ ಕರೆದಳು. ದನಿ ತಗ್ಗಿಸಿದಳು.

"ತಾಲೂಕದಾರ್ರು ಬಂದ ಕೂಡ್ಲೇ ನೀವು ಅವನ ಹೆಸರು ಹೇಳ್ರಿ. ಖಾಜಾ ಅವನ ಮನಷ್ಯಾ, ಪುಡಿ ಖಾಜಾಂದು. ಎಲ್ಲಾರೂ ನಂಬತಾರ."

"ಖರೆ ಇರದಿದ್ರೂ?"

"ನನ್ನ ಗಂಡನ ಮ್ಯಾಲ ಅಂವ ಹೇಳಿದ್ದು ಖರೆ ಇತ್ತೇನ್ರಿ? ಅವಗೂ ಒಂದ್ ಸಲ ಗೊತ್ತಾಗ್ಲಿ. ಸುಳ್ಳು ಸಾಕ್ಷಿ ಮೈಗೆ ಹತ್ತಿದ್ರ ಹೆಂಗ ಸುಡತದ ಅಂತ!"

ಅಮೀನರು ಎಲೆ ಅಡಿಕೆಯ ಡಬ್ಬಿ ಮುಚ್ಚಿದರು. "ಎರಡು ಗಾಜಿನ ಲೋಟ ಕೊಡು," ಎಂದರು. "ತೇಜಾಬು ಇಷ್ಟು, ಸೀಸದ ಎರಡು ಪಟ್ಟಿ. ಮತ್ತ ಆ ಅಂಗಳದ ಒಲಿ ಹಚ್ಚಸು."

ಮಧ್ಯಾಹ್ನಕ್ಕೆ ತಾಲೂಕದಾರರ ಟಾಂಗಾ ಬಂತು. ಹಿಂದೆ ಇಬ್ಬರು ಜವಾನರು, ಅವರ ಹಿಂದೆ ಅರ್ಧ ಆಳಂದ. ಮಾಲೆ ಹಾಕಿಕೊಂಡು ನಿಂತಲ್ಲೇ ನಿಂತ ಗಾಡಿಯನ್ನು ಸಾಹೇಬರು ನೋಡಿದರು, ಹುಬ್ಬು ಗಂಟಿಕ್ಕಿದರು.

"ಕ್ಯಾ ಬಾತ್ ಹೈ? ಓಡಂಗಿಲ್ಲೇನು?"

"ಓಡ್ತಿತ್ತು ಹುಜೂರ್," ಎಂದರು ಅಮೀನರು. "ಯಾರೋ ವಿಷಾ ಹಾಕ್ಯಾರ. ಯಾರಂತ ತೋರಸ್ತೇನಿ. ಸ್ವಲ್ಪ ಮೂಗು ಮುಚ್ಚಿಕೊಳ್ರಿ."

ಅವರು ಒಂದು ಲೋಟದ ತೇಜಾಬಿಗೆ ಖಾಜಾನ ಚೀಲದಿಂದ ಒಂದು ಚಿಟಿಕೆ ಪುಡಿ ಹಾಕಿದರು. ಬುಸ್ಸೆಂದು ನೊರೆ ಉಕ್ಕಿತು, ಆ ಸುಡುವ ವಾಸನೆ ಎದ್ದಿತು. ಮುಂದೆ ನಿಂತವರೆಲ್ಲ ಕೆಮ್ಮುತ್ತ ಹಿಂದೆ ಸರಿದರು.

"ನೋಡ್ರಿ, ಅದೇ ವಾಸನಿ!" ಎಂದು ಕೂಗಿದಳು ಗುರುಶಾಂತಮ್ಮ.

"ಅದೇ ವಾಸನಿ. ಆದ್ರ ಹಾಕಿದ ಕೂಡ್ಲೇ ಬಂತು, ಹೌದಿಲ್ಲೋ? ಖಾಜಾ ಬಂದಿದ್ದು ಮಧ್ಯಾಹ್ನ. ಸಂಜಿತನಕ ಇಸ್ಮಾಯಿಲನ ಮೂಗು ಡಬ್ಬಿ ಮ್ಯಾಲೇ ಇತ್ತು. ವಾಸನಿ ಇದ್ದಿದ್ದಿಲ್ಲ. ಅಂದ್ರ ಪುಡಿ ಅಲ್ಲ. ಈ ವಿಷಾ ತೇಜಾಬಿನಾಗ ಸುಮ್ಮನ ಕುಂತು, ಬ್ಯಾಟರಿಗೆ ಕರೆಂಟ್ ಹರದ ಮ್ಯಾಲ ಎದ್ದದ್ದು. ಅಂಥಾದು ಯಾವುದದ?"

ಅಮೀನರು ಎರಡನೆಯ ಲೋಟಕ್ಕೆ ಮತ್ತೇನನ್ನೋ ಹಾಕಿದರು. ನೊರೆ ಇಲ್ಲ, ವಾಸನೆ ಇಲ್ಲ. ಸೀಸದ ಪಟ್ಟಿಗಳನ್ನು ಅದರಲ್ಲಿ ಇಳಿಬಿಟ್ಟು, ಡೈನಮೋದ ತಂತಿ ಸಿಕ್ಕಿಸಿ, ಇಂಜಿನ್ ಚಾಲೂ ಮಾಡೆಂದು ಇಸ್ಮಾಯಿಲನಿಗೆ ಸನ್ನೆ ಮಾಡಿದರು. ಟಕಟಕ ಸುರುವಾಯಿತು. ಪಟ್ಟಿಯ ಮೇಲೆ ಗುಳ್ಳೆ ಎದ್ದವು. ಅಮೀನರು ಒಂದು ಎಲೆ ಮಡಚಿ ಬಾಯಿಗಿಟ್ಟುಕೊಳ್ಳುವಷ್ಟರಲ್ಲಿ ಅದೇ ವಾಸನೆ ಲೋಟದಿಂದ ಮೆಲ್ಲಗೆ ಹರಡಿತು.

"ಏನು ಹಾಕಿದ್ರಿ?" ಸಾಹೇಬರು ಕರವಸ್ತ್ರದೊಳಗಿಂದ ಕೇಳಿದರು.

"ಉಪ್ಪು, ಹುಜೂರ್. ಅಡಿಗಿ ಮನಿ ಉಪ್ಪು. ಅಕ್ಕಸಾಲಿಗರ ಗಲ್ಲ್ಯಾಗ ಒಂದು ಕೇಸಿನಾಗ ನೋಡಿದ್ದೆ. ಉಪ್ಪೂ ತೇಜಾಬೂ ಕೂಡಿದ್ರ ಎಂಥಾ ಲೋಹಾನೂ ಉಳಿಯಂಗಿಲ್ಲ."

"ಉಪ್ಪು ಬಿದ್ರ ಮುಗೀತ್ರಿ!" ಇಸ್ಮಾಯಿಲ ಹಣೆ ಬಡಿದುಕೊಂಡ. "ಅದಕ್ಕ ನಾ ಉಪ್ಪಿನ ಕೈ ನೀರಿಗೆ ಹಚ್ಚಗೊಡ್ತಿದ್ದಿಲ್ಲ. ಆದ್ರ ಶೆಡ್ಡಿನಾಗ ಉಪ್ಪು ಯಾರು ತಂದ್ರು?"

ಮಾತು ಬಂದದ್ದು ಗುರುಶಾಂತಮ್ಮನ ಬಾಯಿಂದಲೇ, ಅದೂ ಬಹಳ ನಿಧಾನವಾಗಿ. "ನಾನ ತರಿಸಿದ್ದೆ. ದಿಷ್ಟಿಗೆ... ಆದ್ರ ಅದನ್ನ ಒಲಿಗೆ ಹಾಕಿದ್ವಲ್ಲರಿ? ನಾ ಕಣ್ಣಾರೆ ನೋಡೇನಿ!"

"ಕಣ್ಣಾರೆ ನೋಡಿದಿ. ಕಿವಿಯಾರೆ ಕೇಳಿದ್ಯಾ?"

ಅಮೀನರು ಒಂದು ಹಿಡಿ ಹರಳುಪ್ಪು ತೆಗೆದು ಉರಿಯುವ ಒಲೆಗೆ ಎಸೆದರು.

ಚಟ್! ಚಟಚಟ! ಚಟ್! ಪಟಾಕಿಯ ಸರಕ್ಕೆ ಬೆಂಕಿ ಬಿದ್ದಂತಾಯಿತು. ಕಿಡಿಯೊಂದು ಹಾರಿ ಬಂದು ಬಸವಂತರಾಯನ ಧೋತರದ ಮೇಲೆ ಬಿತ್ತು, ಅವನು ಕುಣಿದಾಡಿದ.

"ಇದು ಒಂದ್ ಹಿಡಿ. ನಿನ್ನೆ ಹೋಗಿದ್ದು ಒಂದ್ ಮೊರ," ಎಂದರು ಅಮೀನರು. "ಅಷ್ಟು ಉಪ್ಪು ಒಲಿಗೆ ಬಿದ್ದಿದ್ರ ಊರ ಮಂದಿ ಎದ್ದು ಬರ್ತಿತ್ತು. ಬೇಟಿ, ಏನು ಕೇಳಿದಿ ಅಂತ ಕೇಳಿದ್ರ ನೀ ಏನಂದಿ? ಕೆಮ್ಮು, ಸೀನು, ನಗಿ, ಇಂ​ಜಿನ್ನು. ಓಣಿ ಹೆಣಮಕ್ಕಳನ್ನೂ ಕೇಳೇನಿ, ಅವರೂ ಅಷ್ಟ ಹೇಳಿದ್ರು. ಮೆಣಸಿನಕಾಯಿ ಒಲಿಗೆ ಬಿತ್ತು, ಘಾಟು ಎದ್ದಿತು, ಎಲ್ಲಾರೂ ಖುಷಿ ಆದ್ರಿ. ಉಪ್ಪು ಚಟಗುಡಲೇ ಇಲ್ಲ. ಒಲಿಗೆ ಬೀಳದ ಉಪ್ಪು ಎಲ್ಲಿಗೆ ಹೋತು? ಮುಚ್ಚಳ ತಗದಿಟ್ಟ ಡಬ್ಬಿಗಳ ಮ್ಯಾಲ ಕೈ ಸುತ್ತಿ ಸುತ್ತಿ ಇಳಿ ತಗದವರು ಯಾರು? ಇಸ್ಮಾಯಿಲ ನಮಾಜಿಗೆ ಹೋದ ಹೊತ್ತು ನೋಡಿ ಮೊರ ತಂದವರು ಯಾರು? ಉಪ್ಪು ಬಿದ್ರ ಬ್ಯಾಟರಿ ಸಾಯ್ತದ ಅಂತ ದಿನಾ ಕೇಳಿದವರು, ಈ ಮನ್ಯಾಗ ಇಸ್ಮಾಯಿಲನ ಬಿಟ್ರ ಇನ್ನೊಬ್ರು ಯಾರು?"

ಎಲ್ಲರ ಕಣ್ಣೂ ಅಡುಗೆ ಮನೆಯ ಬಾಗಿಲಿಗೆ ಹೋದವು. ಸಾಬಮ್ಮ ಅಲ್ಲಿಯೇ ನಿಂತಿದ್ದಳು. ಓಡಲಿಲ್ಲ, ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳಲಿಲ್ಲ. ಹೊಸ್ತಿಲು ದಾಟಿ ಅಂಗಳದ ನಡುವೆ ಬಂದು ನಿಂತಳು.

"ಹೌದ್ರಿ, ನಾನ," ಎಂದಳು. "ಇಳಿ ತಗಿಯೋ ನೆವಕ್ಕ ಎಲ್ಲಾ ಡಬ್ಬಿಗೂ ಹಾಕೇನಿ. ಒಂದೂ ಬಿಟ್ಟಿಲ್ಲ."

"ಅರ್ಧ ಉಪ್ಪು ಒಲಿಗೆ ಹಾಕಿದ್ರ ನಾ ಹಿಡೀತಿದ್ದಿಲ್ಲ, ಸಾಬಮ್ಮ," ಎಂದರು ಅಮೀನರು.

"ಗೊತ್ತದರಿ. ಮನಸ್ಸ ಬರಲಿಲ್ಲ. ಒಂದ್ ಹರಳೂ ಬ್ಯಾರೆ ಕಡಿ ಹೋಗಬಾರದು ಅನಿಸ್ತು."

ಗುರುಶಾಂತಮ್ಮನಿಗೆ ಭೂಮಿ ಬಾಯಿ ಬಿಟ್ಟಂತಾಗಿತ್ತು. ವರ್ಷವಿಡೀ ತನ್ನ ಕೈಗೆ ರೊಟ್ಟಿ ಕೊಟ್ಟ ಹೆಂಗಸು! "ಈ ಬಸವಂತರಾಯ ನಿನಗೇನು ಕೊಟ್ಟ ಬೇ? ಹೇಳು! ಎಷ್ಟಕ್ಕ ಮಾರಿಕೊಂಡಿ?"

"ಈ ರಾಯನ ಮಾರಿ ನಾ ಇವತ್ತ ನೋಡಿದ್ದು," ಎಂದಳು ಸಾಬಮ್ಮ. ಆಮೇಲೆ ತಾಲೂಕದಾರರ ಕಡೆ ತಿರುಗಿದಳು. "ಯಾಕ ಮಾಡಿದಿ ಅಂತ ಕೇಳ್ರಿ ಸಾಹೇಬ್ರ. ನಮ್ಮಂಥವರನ್ನ ಯಾರೂ ಏನೂ ಕೇಳಂಗಿಲ್ಲ. ತಪ್ಪು ಮಾಡಿದ್ರರ ಕೇಳ್ತಾರ ಅಂತ ಮಾಡೇನಿ."

ಸಾಹೇಬರು ಕರವಸ್ತ್ರ ಇಳಿಸಿದರು. "ಯಾಕ ಮಾಡಿದಿ?"

"ಧರ್ಮಣ್ಣ ಅಂತ ಇವರ ಬಸ್ಸಿಗೆ ಡ್ರೈವರ್ ಇದ್ದ. ನನ್ನ ಮಗ. ಗೊಬ್ಬೂರಂತ ಸುಳ್ಳ ಹೇಳಿದ್ದೆ, ನಾವು ಜೇವರ್ಗಿ ಕಡಿಯವರು."

ಆ ಹೆಸರನ್ನು ಗುರುಶಾಂತಮ್ಮ ಮರೆತಿರಲಿಲ್ಲ. ಧರ್ಮಣ್ಣ! ಯುದ್ಧಕ್ಕೆ ಮುಂಚಿನ ಮಾತು ಅದು. ಜೇವರ್ಗಿಗೆ ಹೋಗುವ ಬಸ್ಸು ಭೀಮಾ ದಂಡೆಯ ಇಳಿಜಾರಿನಲ್ಲಿ ನಿಲ್ಲದೆ ದೋಣಿ ಕಟ್ಟೆ ದಾಟಿ ನೀರಿಗೆ ಹೋಗಿತ್ತು. ಮಂದಿ ಈಜಿ ಪಾರಾದರು. ಡ್ರೈವರ್ ಒಬ್ಬನೇ ಮುಳುಗಿದ.

"ಹಿಂದಿನ ದಿನ ಮನಿಗೆ ಬಂದಾಗ ಹೇಳಿದ್ದ," ಸಾಬಮ್ಮನ ದನಿಯಲ್ಲಿ ಏರಿಳಿತವಿರಲಿಲ್ಲ. "ಯವ್ವಾ, ಬ್ರೇಕ್ ಹಿಡಿಯಂಗಿಲ್ಲ, ಸಾವಕಾರ್ರಿಗೆ ಹೇಳಿದ್ರ ಒಂದ್ ವಾರ ತಡಿ ಅಂತಾರ ಅಂತ. ಮರದಿನಾ ಸತ್ತ. ಪಂಚನಾಮಿಗೆ ಬಂದವರ ಮುಂದ ಈಕಿ ಏನ್ ಹೇಳಿದಳು ಕೇಳ್ರಿ. ಮುಂಜಾನಿ ಕೀಲಿ ಒಯ್ಯಾಕ ಬಂದಾಗ ಅವನ ಬಾಯಾಗ ಸೆರಿ ವಾಸನಿ ಹೊಡೀತಿತ್ತು ಅಂದಳು. ಕೊರಳಾಗ ಲಿಂಗ ಕಟ್ಟಿದ ನನ್ನ ಮಗ! ಹುಟ್ಟಿ ಒಂದ್ ಹನಿ ಮುಟ್ಟಿದವ ಅಲ್ಲ. ಕುಣಿಯಾಗ ಕುಂಡ್ರಿಸಿದ್ವಿ, ಜೀವ ಲಿಂಗದಾಗ ಕೂಡಾಕ ನಮ್ಮೂರ ಅಯ್ಯನವರು ಬಂದು ತಲಿ ಮ್ಯಾಲ ಪಾದಾ ಇಡಬೇಕಲ್ಲ? ಇಡಲಿಲ್ರಿ. ಕುಡುದು ಸತ್ತವಗ ಪಾದಾ ಇಡಂಗಿಲ್ಲ ಅಂತ ದಾರಿ ಹಿಡದು ಹೋಗಿಬಿಟ್ರು. ನಾ ಬರಿಗೈಲೆ ಮಣ್ಣು ಎಳದೆ. ಅವನ ಮಗಳನ್ನ ನೋಡಾಕ ಬಂದವರೆಲ್ಲಾ ಕುಡುಕನ ಮಗಳು ಅಂತ ಹೊಳ್ಳಿ ಹೋಗ್ತಾರ."

ಸಾಹೇಬರು ಗುರುಶಾಂತಮ್ಮನನ್ನು ನೋಡಿದರು.

"ಬಾಯಿ, ಆ ಡ್ರೈವರ್ ಅವತ್ತು ಕುಡದಿದ್ದನೇನು?"

ಹೌದು ಎಂಬ ಒಂದು ಮಾತು ಸಾಕಿತ್ತು. ಸಾಬಮ್ಮ ಹುಚ್ಚಿಯೆಂದು ಜೇಲಿಗೆ ಹೋಗುತ್ತಿದ್ದಳು. ಸಾಹೇಬರು ಕನಿಕರಪಟ್ಟು ಸೀಸ ಕೊಡಿಸಿ, ಇನ್ನೊಂದು ಸಲ ಪ್ರಯತ್ನ ಮಾಡು ಎನ್ನುತ್ತಿದ್ದರು. ಇಲ್ಲ ಎಂದರೆ? ಪೆಟ್ರೋಲು ಕಳ್ಳನೆಂದು ಸತ್ತ ಗಂಡ ಈಗ ಕೊಲೆಗಾರನೂ ಆಗುತ್ತಾನೆ. ಪರವಾನಗಿ ಹೋಗುತ್ತದೆ. ಬೇವಿನ ಕೆಳಗೆ ಬಸವಂತರಾಯ ಆಗಲೇ ಮೀಸೆಯ ಮೇಲೆ ಕೈಯಿಟ್ಟು ಕೂತಿದ್ದ. ಅವನನ್ನು ನೋಡಿ ಗುರುಶಾಂತಮ್ಮನ ಹೊಟ್ಟೆಯೊಳಗಿನ ಬೆಂಕಿ ಭಗ್ಗೆಂದಿತು. ಎರಡು ವರ್ಷ ಅದೇ ಬೆಂಕಿಯ ಮೇಲೆ ಅವಳು ಬದುಕಿದ್ದಳು. ಆ ಸುಳ್ಳುಗಾರನ ನಾಲಿಗೆ ಸೇದಿಹೋಗಲಿ ಎಂದು ದಿನಾ ಲಿಂಗದ ಮುಂದೆ ಬೇಡಿಕೊಂಡಿದ್ದಳು.

ಎದುರಿಗೆ ನಿಂತ ಈ ಮುದುಕಿಯೂ ಇದೇ ಮನೆಯ ಅಡುಗೆ ಒಲೆಯ ಮುಂದೆ ಕೂತು ಅದೇ ಬೇಡಿಕೆ ಬೇಡಿಕೊಂಡಿರಬೇಕು. ತನ್ನ ನಾಲಿಗೆಯ ಬಗ್ಗೆ!

ಗುರುಶಾಂತಮ್ಮನಿಗೆ ನಾಚಿಕೆಯಾಯಿತು. ಮೈ ತುಂಬ ನಾಚಿಕೆ. ಬಸವಂತರಾಯನ ಮೇಲಿನ ಸಿಟ್ಟು ಎಳ್ಳಷ್ಟೂ ಕಡಿಮೆಯಾಗಲಿಲ್ಲ. ಆದರೆ ಆ ಸಿಟ್ಟನ್ನು ಹಿಡಿದು ನಿಲ್ಲಲು ಕಾಲ ಕೆಳಗೆ ನೆಲವಿರಲಿಲ್ಲ.

"ಕುಡದಿದ್ದಿಲ್ರಿ," ಎಂದಳು ನೆಲ ನೋಡುತ್ತ. "ಬ್ರೇಕ್ ಕೆಟ್ಟಿತ್ತು. ಅಂವ ಹೇಳಿದ್ದ. ನಾ ಕೇಳಿಸಿಕೊಂಡಿದ್ದೆ. ನನ್ನ ಗಂಡನ ಉಳಸಾಕ ಸುಳ್ಳ ಹೇಳಿದೆ."

ಬಸವಂತರಾಯ ಗಹಗಹಿಸಿ ನಕ್ಕ. ಅಮೀನರು ತಿರುಗಿ ಒಂದು ನೋಟ ನೋಡಿದ್ದಕ್ಕೆ ಆ ನಗು ಅರ್ಧಕ್ಕೆ ನಿಂತಿತು. ಪೆಟ್ರೋಲಿನ ಆ ಹಳೆಯ ಕೇಸಿನಲ್ಲಿ ಸಾಕ್ಷಿ ಹೇಳಿದವರು ಯಾರು ಯಾರು ಎಂದು ತಾಲೂಕದಾರರು ಕೇಳಿದರು. ಅಮೀನರು ಬೇವಿನ ನೆರಳಿನ ಕಡೆ ಕೈ ತೋರಿಸಿದರು. ಬಸವಂತರಾಯ ಬೆತ್ತ ಹುಡುಕಿಕೊಂಡು ಎದ್ದು ಹೋದ. ಗುರುಶಾಂತಮ್ಮ ಅದನ್ನು ನೋಡಲಿಲ್ಲ.

ಜವಾನ ಸಾಬಮ್ಮನ ಹತ್ತಿರ ಬಂದ. ಅವಳು ಕದಲಲಿಲ್ಲ.

"ನನಗ ಕೇಳಿಸ್ಲಿಲ್ಲ," ಎಂದಳು ಗುರುಶಾಂತಮ್ಮನಿಗೆ. "ಅವತ್ತ ಎಲ್ಲಾರಿಗೂ ಕೇಳೂ ಹಂಗ ಹೇಳಿದ್ದಿ. ಇವತ್ತೂ ಹಂಗ ಹೇಳು. ಹೆಸರ ಹಿಡದು ಹೇಳು."

ಗುರುಶಾಂತಮ್ಮ ತಲೆಯೆತ್ತಿದಳು. ಗೋಡೆ ಹತ್ತಿದವರಿಗೂ, ಬೀದಿಯಲ್ಲಿ ನಿಂತವರಿಗೂ ಕೇಳುವ ಹಾಗೆ ಕೂಗಿ ಹೇಳಿದಳು— "ಡ್ರೈವರ್ ಧರ್ಮಣ್ಣ ಕುಡದಿದ್ದಿಲ್ಲ! ಅಂವ ಶರಣ ಇದ್ದ! ಸುಳ್ಳ ಹೇಳಿದಾಕಿ ನಾನು!"

ಸಾಬಮ್ಮ ಒಂದು ಸಲ ತಲೆಯಾಡಿಸಿದಳು. ಕ್ಷಮಿಸಿದೆನೆಂದು ಹೇಳಲಿಲ್ಲ, ಹೇಳುವ ಇರಾದೆಯೂ ಅವಳ ಮುಖದಲ್ಲಿರಲಿಲ್ಲ. ಎರಡೂ ಕೈಗಳನ್ನು ಜವಾನನ ಮುಂದೆ ಚಾಚಿದಳು.

"ನಡಿ ತಮ್ಮಾ, ಎಲ್ಲಿಗೆ ಒಯ್ತಿ ಒಯ್ಯಿ. ಆದ್ರ ಮೊದಲ ಜೇವರ್ಗಿ ಮ್ಯಾಲ ಹಾದು ಹೋಗೂಣು. ಅಯ್ಯನವರು ಇನ್ನೂ ಬದುಕ್ಯಾರ. ಅವರ ಬಾಗಲದಾಗ ನಿಂದ್ರೂದದ ನನಗ."